ಆ ಕಡೆಯ ಗೋಡೆ

ಸಪ್ತಾಪುರ, ಧಾರವಾಡ
೧೪ ಜುಲೈ ೨೦೨೪

ಪ್ರಭಾ,

ಇದನ್ನೆಲ್ಲ ಫೋನಿನಲ್ಲಿ ಬೇಡ, ಬರೆದು ಕಳಿಸು ಎಂದು ನಿನ್ನೆ ನೀನು ಅಂದದ್ದು ನನಗೆ ಸ್ವಲ್ಪ ವಿಚಿತ್ರ ಅನಿಸಿತು. ಮೂವತ್ತು ವರ್ಷ ಎದುರುಬದುರು ಮನೆಯಲ್ಲಿದ್ದವರು ನಾವು. ಏನಿದ್ದರೂ ರಸ್ತೆ ದಾಟಿ ಬಂದರೆ ಮುಗಿಯುತ್ತಿತ್ತು. ನಿನಗೆ ಸಿಂಧನೂರಿನ ಕಾಲೇಜಿಗೆ ಪ್ರಾಂಶುಪಾಲಳಾಗಿ ವರ್ಗವಾದ ಮೇಲೆ ಫೋನಿತ್ತು. ಇರಲಿ, ನೀನು ಹೇಳಿದೆ ಅಂತ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ.

ನಮ್ಮ ರಸ್ತೆ ಅಗಲ ಮಾಡುತ್ತಾರೆ ಎಂಬ ಸುದ್ದಿ ನಿನಗೂ ಗೊತ್ತಿತ್ತು. ಮೇ ತಿಂಗಳಲ್ಲಿ ಅಳತೆಯವರು ಬಂದಾಗ ಎರಡೂ ಕಡೆಯ ಕಂಪೌಂಡಿನ ಮೇಲೆ ಸುಣ್ಣದ ಗೆರೆ ಎಳೆದು ಹೋಗಿದ್ದರು. ಎರಡೂ ಕಡೆಯಿಂದ ಸಮನಾಗಿ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುತ್ತಾರೆ ಎಂದು ಓಣಿಯವರೆಲ್ಲ ಮಾತಾಡಿಕೊಂಡೆವು. ಮೊನ್ನೆ ಗುರುವಾರ ಮತ್ತೆ ಇಬ್ಬರು ಬಂದರು. ಈ ಸಲ ಕೆಂಪು ಬಣ್ಣ ತಂದಿದ್ದರು. ನಿಮ್ಮ ಕಂಪೌಂಡಿನ ಮೇಲೆ ಗುರುತು ಹಾಕಿ, ಒಳಗೆ ಹೋಗಿ ವಾಚನಾಲಯದ ಹಿಂದಿನ ಗೋಡೆಯ ಮೇಲೂ ಹಾಕಿದರು. ಅಂದರೆ ನಿಮ್ಮ ತಂದೆ ಮಾಸ್ತರರು ಕಟ್ಟಿದ ಆ ಕೋಣೆ ಪೂರ್ತಿ ರಸ್ತೆಗೆ ಹೋಗುತ್ತದೆ. ಒಳಗೆ ಪರೀಕ್ಷೆಗೆ ಓದುತ್ತಿದ್ದ ಹುಡುಗರು ಎದ್ದು ಹೊರಗೆ ಬಂದು ನಿಂತರು.

ಆಮೇಲೆ ಅವರು ನಮ್ಮ ಬಾಗಿಲಿಗೆ ಬಂದರು. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಯಾರು ಬಂದರೂ ಕುರ್ಚಿ ಹಾಕುತ್ತಾರೆ, ನಿನಗೆ ಗೊತ್ತಲ್ಲ. ಕೂರಿಸಿದರು. ನಾನು ಚಹಾ ಮಾಡಿ ತಂದೆ. "ಅಕ್ಕಾರ, ಎದುರು ಮನಿಯವರು ಅಂತ ಇಲ್ಲೊಂದು ಸಹಿ ಹಾಕ್ರಿ. ಏನೂ ಇಲ್ಲರಿ, ನಾವು ಬಂದಿದ್ವಿ ಅನ್ನೂದಕ್ಕ ಅಷ್ಟ" ಅಂದರು. ಹಾಕಿದೆ.

ನಮ್ಮ ಕಡೆಯ ಸುಣ್ಣದ ಗೆರೆ ಮಳೆಗೆ ತೊಳೆದುಹೋಗಿದೆ. ಅದರ ಮೇಲೆ ಹೊಸದೇನೂ ಹಾಕಲಿಲ್ಲ. ಯಾಕೆಂದು ನಾನು ಕೇಳಲಿಲ್ಲ.

ನಿಮ್ಮ ತಾಯಿ ಮುತ್ತವ್ವ ಅತ್ತೆಯವರಿಗೆ ಈಗಲೇ ಹೇಳಬೇಡ. ಅವರಿಗೆ ಆ ಕೋಣೆ ಎಂದರೆ ಮಾಸ್ತರರೇ.

ನಿನ್ನ
ನಿರೂ


ಸಿಂಧನೂರು
೨೧ ಜುಲೈ ೨೦೨೪

ನಿರೂ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕೆಲವು ಪ್ರಶ್ನೆಗಳಿವೆ. ಸಿಟ್ಟಿನಿಂದ ಕೇಳುತ್ತಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನೀನು ಸಹಿ ಮಾಡಿದ ಕಾಗದದಲ್ಲಿ ಏನು ಬರೆದಿತ್ತು? ಓದಿದೆಯಾ? ನನ್ನ ಹೆಸರಿಗೆ ನೋಟಿಸು ಏನಾದರೂ ತಂದಿದ್ದರೇ? ತಂದಿದ್ದರೆ ಯಾರ ಕೈಗೆ ಕೊಟ್ಟರು? ಅವತ್ತು ನಮ್ಮ ಮನೆಯ ಬಾಗಿಲು ತೆರೆದಿತ್ತೋ, ಹಾಕಿತ್ತೋ? ಬಾಡಿಗೆಗಿರುವ ಹುಡುಗಿಯರು ಕಾಲೇಜಿಗೆ ಹೋಗಿದ್ದರೂ ಅಡುಗೆಯ ಮಾಶಾಬಿ ಇರಲೇಬೇಕಲ್ಲ.

ಇನ್ನೊಂದು. ಮೇ ತಿಂಗಳಲ್ಲಿ ಎರಡೂ ಕಡೆ ಇದ್ದ ಗೆರೆ ಜುಲೈಯಲ್ಲಿ ಒಂದೇ ಕಡೆಗೆ ಹೇಗೆ ಬಂತು? ರಸ್ತೆ ಎದ್ದು ನಡೆದುಬರುವುದಿಲ್ಲ. ಯಾರೋ ಕಾಗದದ ಮೇಲೆ ಸರಿಸಿರಬೇಕು. ಓಣಿಯಲ್ಲಿ ಏನಾದರೂ ಕಿವಿಗೆ ಬಿದ್ದಿದ್ದರೆ ತಿಳಿಸು.

ಅವ್ವನಿಗೆ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. "ರಸ್ತಾಕ್ಕ ಬೇಕಂದ್ರ ತಗೊಳ್ಳಲಿ. ಆದ್ರ ಕೇಳಿ ತಗೊಳ್ಳಲಿ. ನಮ್ಮನ್ನ ಯಾರೂ ಕೇಳಿಲ್ಲಲ್ಲ" ಅಂದಳು.

ಉತ್ತರವನ್ನು ಬರೆದೇ ಕಳಿಸು.

ಪ್ರಭಾವತಿ


ಸಪ್ತಾಪುರ
೨ ಆಗಸ್ಟ್ ೨೦೨೪

ಪ್ರಭಾ,

'ಪ್ರಭಾವತಿ' ಎಂದು ಪೂರ್ತಿ ಹೆಸರಿನ ಸಹಿ ನೋಡಿ, ನಿನ್ನ ಕಾಲೇಜಿನ ಸುತ್ತೋಲೆ ತಪ್ಪಿ ನನಗೆ ಬಂತೇನೋ ಅಂದುಕೊಂಡೆ. ಕಾಪಿ ಹೊಡೆದು ಸಿಕ್ಕಿಬಿದ್ದ ವಿದ್ಯಾರ್ಥಿನಿಯನ್ನು ಕೇಳಿದ ಹಾಗೆ ಕೇಳಿದ್ದೀಯ. ಆದರೂ ಉತ್ತರ ಕೊಡುತ್ತೇನೆ.

ಕಾಗದವನ್ನು ಓದಲಿಲ್ಲ. ಬರವಣಿಗೆ ಇರಲಿಲ್ಲ ಎಂದೇ ನೆನಪು. ಅಚ್ಚಾದ ಸಾಲುಗಳ ನಡುವೆ ಜಾಗ ಖಾಲಿ ಇತ್ತು. ಕೆಳಗೆ ನನ್ನ ಹೆಸರು ಬರೆದು ಸಹಿ ಮಾಡಿದೆ. ನೋಟಿಸು ಯಾರ ಕೈಗೂ ಕೊಟ್ಟದ್ದನ್ನು ನಾನು ನೋಡಿಲ್ಲ. ಒಬ್ಬನ ಕೈಯಲ್ಲಿ ಅಂಟಿನ ಡಬ್ಬಿ ಇತ್ತು. ಅದನ್ನು ನಮ್ಮ ಕಟ್ಟೆಯ ಮೇಲೆ ಇಟ್ಟಿದ್ದ, ಹೋಗುವಾಗ ತೆಗೆದುಕೊಂಡು ಹೋದ. ನಿಮ್ಮ ಬಾಗಿಲಿಗೆ ಏನನ್ನೂ ಅಂಟಿಸಲಿಲ್ಲ. ಬಾಗಿಲು ತೆರೆದೇ ಇತ್ತು. ನಿನ್ನ ಪತ್ರ ಬಂದ ಮೇಲೆ ಮಾಶಾಬಿಯನ್ನೂ ಕೇಳಿದೆ. "ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆರಿ. ಯಾರೂ ಕರೀಲಿಲ್ಲ, ಯಾರೂ ಕೇಳಲಿಲ್ಲ" ಅಂದಳು.

ಗೆರೆ ಹೇಗೆ ಸರಿಯಿತೋ ನನಗೆ ಗೊತ್ತಿಲ್ಲ. ಓಣಿಯಲ್ಲಿ ಎಲ್ಲರೂ ತಮ್ಮ ತಮ್ಮ ಗೋಡೆ ಉಳಿದದ್ದಕ್ಕೆ ಸುಮ್ಮನಿದ್ದಾರೆ. ನಾವೂ ಅದರಲ್ಲಿ ಸೇರಿದ್ದೇವೆ ಎಂದು ನೀನು ಅಂದುಕೊಳ್ಳುವುದಾದರೆ ನಾನು ಏನು ಹೇಳಲಿ? ನಮ್ಮ ಮುಂದಿನ ಕೋಣೆಯಲ್ಲಿ ನನ್ನ ಸಂಗೀತದ ಪಾಠ ನಡೆಯುತ್ತದೆ. ಅದು ಉಳಿಯಿತೆಂದು ಒಂದು ಗಳಿಗೆ ಸಮಾಧಾನವಾದದ್ದು ನಿಜ. ಆಮೇಲೆ ಎದುರಿನ ಕೆಂಪು ಗೆರೆ ಕಾಣುತ್ತದೆ.

ನಿರುಪಮಾ
(ನೀನು ಪೂರ್ತಿ ಹೆಸರು ಬರೆದದ್ದಕ್ಕೆ ನಾನೂ.)


ಸಿಂಧನೂರು
೧೮ ಸೆಪ್ಟೆಂಬರ್ ೨೦೨೪

ನಿರುಪಮಾ,

ತಡವಾಗಿ ಬರೆಯುತ್ತಿದ್ದೇನೆ. ಹೋದ ವಾರ ಹುಬ್ಬಳ್ಳಿಗೆ ಬಂದಿದ್ದೆ. ರಸ್ತೆ ಯೋಜನೆಯ ಕಚೇರಿಗೆ ಹೋಗಿ ಆಕ್ಷೇಪಣೆಯ ಅರ್ಜಿ ಕೊಡಲು ನೋಡಿದೆ. ಗುಮಾಸ್ತ ಅದನ್ನು ಮುಟ್ಟಲೂ ಇಲ್ಲ. "ಮೇಡಂ, ಅವಧಿ ಮುಗದೈತ್ರಿ. ನಿಮಗ ನೋಟಿಸು ಮುಟ್ಟೈತಲ್ರಿ" ಅಂದ. ಯಾವಾಗ ಮುಟ್ಟಿತು ಎಂದು ಕೇಳಿದ್ದಕ್ಕೆ ಪಂಚನಾಮೆ ತೋರಿಸಿದ. 'ಮಾಲೀಕರು ಊರಲ್ಲಿಲ್ಲ. ಮನೆಗೆ ಬೀಗ ಹಾಕಿದೆ. ಎದುರು ಮನೆಯವರ ಸಮಕ್ಷಮ ಬಾಗಿಲಿಗೆ ನೋಟಿಸು ಅಂಟಿಸಲಾಗಿದೆ.' ಕೆಳಗೆ ನಿನ್ನ ಸಹಿ. ಎಂದಿನಂತೆ ದುಂಡಗೆ, ಚೆಂದವಾಗಿದೆ.

ಅಲ್ಲಿಂದ ದೇಶಪಾಂಡೆ ನಗರಕ್ಕೆ ಹೋಗಿ ಗುರುಶಿದ್ದಪ್ಪ ವಕೀಲರನ್ನು ಕಂಡೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಸರಕಾರ ತಗೋಬಾರದು ಅಂತ ನಾವು ಹೇಳಾಕ ಬರೂದಿಲ್ರಿ. ರಸ್ತೆ ಎಲ್ಲಾರಿಗೂ ಬೇಕು. ಆದ್ರ ತಗೊಳ್ಳಾಕ ಒಂದು ರೀತಿ ಐತಿ. ಮೊದಲ ತಿಳಸಬೇಕು. ನಿಮ್ಮ ತಕರಾರು ಕೇಳಬೇಕು. ಕೇಳಿದ ಮ್ಯಾಲೆ ಹೌದಂದ್ರ ಯಾಕ ಹೌದು, ಅಲ್ಲಂದ್ರ ಯಾಕ ಅಲ್ಲ ಅಂತ ಕಾರಣ ಬರೀಬೇಕು. ಪರಿಹಾರ ಕೊಡಬೇಕು. ಇದರಾಗ ಒಂದು ಬಿಟ್ರೂ ಅದು ಸ್ವಾಧೀನ ಅಲ್ಲರಿ, ಕಸಗೊಂಡಂಗ."

ಸಂವಿಧಾನದ ಮುನ್ನೂರು-ಎ ವಿಧಿಯನ್ನು ನಾನು ರಾಜ್ಯಶಾಸ್ತ್ರದ ತರಗತಿಯಲ್ಲಿ ಇಷ್ಟು ವರ್ಷ ಹೇಳಿಕೊಟ್ಟಿದ್ದೇನೆ. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂಬ ಒಂದೇ ಸಾಲು. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ. ಆ ಸಾಲು ನನ್ನ ಬಾಗಿಲಿಗೆ ಬಂದಾಗ ಅದರ ಮೇಲೆ ನಿನ್ನ ಸಹಿ ಇರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಅಪ್ಪ ಆ ಸೈಟು ಕೊಳ್ಳುವಾಗ ಓಣಿಯ ನಾಲ್ಕು ಜನ ಮಾಲೀಕನ ಮನೆಗೆ ಹೋಗಿ "ಅವರಿಗೆ ಬ್ಯಾಡ, ಬ್ಯಾರೆಯವರಿಗೆ ಕೊಡ್ರಿ" ಎಂದು ಹೇಳಿಬಂದಿದ್ದರಂತೆ. ಮಾಲೀಕ ಕೇಳಲಿಲ್ಲ. ಅಪ್ಪ ಆ ಮಾತನ್ನು ನಮಗೆ ಬಹಳ ವರ್ಷ ಹೇಳಿರಲಿಲ್ಲ. ಆಗ ನೀನಿನ್ನೂ ಮದುವೆಯಾಗಿ ಬಂದಿರಲಿಲ್ಲ. ಆದರೆ ನಿಮ್ಮ ಮನೆ ಅಲ್ಲೇ ಇತ್ತು. ಈಗ ಎರಡು ಗೆರೆಗಳಲ್ಲಿ ಒಂದು ಅಳಿಸಿ ಒಂದು ಉಳಿಯಿತಲ್ಲ, ಉಳಿದದ್ದು ನಮ್ಮ ಕಡೆಯದು. ಇದನ್ನು ಬರೆಯಬಾರದಿತ್ತೇನೋ. ಬರೆದೆ.

ಪ್ರಭಾವತಿ


ಸಪ್ತಾಪುರ
೨೭ ನವೆಂಬರ್ ೨೦೨೪

ಪ್ರಭಾವತಿಯವರಿಗೆ,

ನಿಮ್ಮ ಹಿಂದಿನ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ನೀನು ಹುಬ್ಬಳ್ಳಿಗೆ ಬಂದವಳು ಧಾರವಾಡಕ್ಕೂ ಬಂದಿದ್ದೆ. ವಾಚನಾಲಯದಲ್ಲಿ ಅರ್ಧ ತಾಸು ಕೂತಿದ್ದೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಈಗ ಬರುತ್ತಾಳೆ ಎಂದು ಕುಕ್ಕರನ್ನೂ ಇಟ್ಟಿದ್ದೆ. ನೀನು ಆಟೋ ಹತ್ತಿ ಹೋದೆ. ಅದನ್ನು ನುಂಗಿಕೊಂಡು ಸುಮ್ಮನಿದ್ದೆ.

ಇವತ್ತು ಸುಮ್ಮನಿರಲಾಗುತ್ತಿಲ್ಲ.

ಬೆಳಿಗ್ಗೆ ಕಚೇರಿಯವನು ಬಂದಿದ್ದ, ಜುಲೈಯಲ್ಲಿ ಸಹಿ ಮಾಡಿಸಿಕೊಂಡವನೇ. ಅವನ ಕೈಯಲ್ಲಿ ನೀನು ಹೈಕೋರ್ಟಿಗೆ ಹಾಕಿದ ಅರ್ಜಿಯ ಪ್ರತಿ. ಅದರ ಹಿಂದೆ ನನ್ನ ಪತ್ರ, ಆಗಸ್ಟ್ ಎರಡರದು. ಪ್ರಭಾ, ನನ್ನ ಪತ್ರದ ನೆತ್ತಿಯ ಮೇಲೆ 'ಅನುಬಂಧ' ಎಂಬ ಮೊಹರು ಇತ್ತು. ರೊಟ್ಟಿ ಬಡಿಯುವ ಮಾತು, ನನಗೆ ಸಮಾಧಾನವಾದ ಮಾತು, ಕೊನೆಗೆ ನಿನ್ನ ಮೇಲಿನ ಮುನಿಸಿಗೆ ಪೂರ್ತಿ ಹೆಸರು ಬರೆದದ್ದು, ಎಲ್ಲವೂ ಅದರಲ್ಲಿ. ಅವನು ಅದನ್ನು ನನ್ನ ಎದುರಿಗೇ ಓದಿ ನಕ್ಕ.

"ಅಕ್ಕಾರ, ಇದೆಲ್ಲಾ ಗೊತ್ತಿಲ್ಲದ ಬರದುಕೊಟ್ಟೆ, ಗೆಳತಿ ಒತ್ತಾಯ ಮಾಡಿದ್ಲು ಅಂತ ಒಂದು ಹೇಳಿಕಿ ಕೊಡ್ರಿ. ನಿಮ್ಮ ಸಹಿ ನಿಂತ್ರ ನಿಮ್ಮ ಮನಿ ನಿಲ್ಲತೈತಿ. ಆ ಕಡೆಯ ಗೆರಿ ಬಿದ್ದುಹೋತಂದ್ರ ಮುಂದ ಎಲ್ಲಿ ಬರತೈತಿ, ನೀವ ವಿಚಾರ ಮಾಡ್ರಿ."

ಇವರು ಅಲ್ಲೇ ಕೂತಿದ್ದರು. ಅವನು ಹೋದ ಮೇಲೆ, "ಬರದು ಕಳಸು ಅಂತ ಆಕಿ ಮೊದಲನೇ ದಿನಾನ ಯಾಕ ಅಂದ್ಲು, ಈಗರ ತಿಳೀತೋ?" ಅಂದರು.

ನನಗೆ ಗೊತ್ತಾಗಬೇಕಾದದ್ದು ಅದೊಂದೇ. ಜುಲೈಯಲ್ಲಿ ನೀನು ಫೋನಿನಲ್ಲಿ ಬೇಡ, ಬರೆದು ಕಳಿಸು ಅಂದಾಗ ನಿನ್ನ ಮನಸ್ಸಿನಲ್ಲಿ ಕೋರ್ಟಿತ್ತೇ? ನಾನು ನಿನಗೆ ಪತ್ರ ಬರೆಯುತ್ತಿದ್ದೆನೋ, ಸಾಕ್ಷಿ ಬರೆದುಕೊಡುತ್ತಿದ್ದೆನೋ?

ಸಂಜೆ ಮಕ್ಕಳು ಪಾಠಕ್ಕೆ ಬಂದರು. ಒಂದು ಹುಡುಗಿ ಭೂಪ ರಾಗದಲ್ಲಿ ಇಲ್ಲದ ಮಧ್ಯಮ ಹಿಡಿದು ಹಾಡುತ್ತಲೇ ಹೋದಳು. ನನಗೆ ತಿದ್ದುವ ಮನಸ್ಸೂ ಆಗಲಿಲ್ಲ.

ನೀನು ಬರೆದ ಆ ಹಳೆಯ ಮಾತಿಗೆ ಒಂದೇ ಉತ್ತರ. ನಮ್ಮ ಮಾವನವರು ಆ ನಾಲ್ಕು ಜನರಲ್ಲಿದ್ದರೋ ಇಲ್ಲವೋ ನನಗೆ ತಿಳಿಯದು. ಮೂವತ್ತು ವರ್ಷ ನೀನು ಕೇಳಲಿಲ್ಲ. ನಾನೂ ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.

ನಿರುಪಮಾ


ಸಿಂಧನೂರು
೬ ಡಿಸೆಂಬರ್ ೨೦೨೪

ನಿರೂ,

ಪತ್ರ ಕೊಟ್ಟವಳು ನಾನೇ. ನಿನ್ನನ್ನು ಕೇಳದೆ ಕೊಟ್ಟೆ. ಕೇಳಿದ್ದರೆ ನೀನು ಮನೆಯವರನ್ನು ಕೇಳುತ್ತಿದ್ದೆ, ಅವರು ಬೇಡ ಅನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಬಾಗಿಲಿಗೆ ಬೀಗ ಇರಲಿಲ್ಲ ಎಂದು ನಾನು ನೂರು ಸಲ ಹೇಳಿದರೂ ಅದು ಮಾಲೀಕಳ ಮಾತು. ಮಾಶಾಬಿ ಹೇಳಿದರೆ ಕೆಲಸದವಳ ಮಾತು. ಪಂಚನಾಮೆಗೆ ಸಹಿ ಹಾಕಿದವಳೇ ಹೇಳಿದರೆ ಮಾತ್ರ ಅದು ಮಾತು. ವಕೀಲರು ಹೀಗೆ ವಿವರಿಸಿದಾಗ ಪತ್ರ ನನ್ನ ಚೀಲದಲ್ಲೇ ಇತ್ತು.

ಜುಲೈಯಲ್ಲಿ ನನ್ನ ಮನಸ್ಸಿನಲ್ಲಿ ಕೋರ್ಟಿತ್ತೇ ಎಂದು ಕೇಳಿದ್ದೀಯ. ಇರಲಿಲ್ಲ ಎಂದು ಬರೆಯಲು ಹೊರಟೆ. ಆ ವಾಕ್ಯವನ್ನು ಮುಗಿಸಲು ಆಗಲಿಲ್ಲ. ಕೋರ್ಟು ಇರಲಿಲ್ಲ, ಅನುಮಾನ ಇತ್ತು. ನಿನ್ನ ಮೇಲೋ, ಓಣಿಯ ಮೇಲೋ, ನನಗೇ ಸ್ಪಷ್ಟವಿರಲಿಲ್ಲ.

ಸೆಪ್ಟೆಂಬರಿನಲ್ಲಿ ನೀನು ಕಿಟಕಿಯಲ್ಲಿ ನಿಂತದ್ದು ನನಗೂ ಕಂಡಿತ್ತು. ನೀನು ಬಾ ಎಂದು ಕೈ ಮಾಡಲಿಲ್ಲ.

ಈಗ ಹೈಕೋರ್ಟು ರಸ್ತೆಯ ಕೆಲಸವನ್ನು ತಡೆದಿದೆ. ಬೇರೊಬ್ಬ ಅಧಿಕಾರಿ ನನ್ನ ಆಕ್ಷೇಪಣೆಯನ್ನೂ ಪಂಚನಾಮೆಗೆ ಸಹಿ ಹಾಕಿದವರ ಮಾತನ್ನೂ ಕೇಳಿ, ಕಾರಣ ಸಹಿತ ಆದೇಶ ಬರೆಯಬೇಕು ಎಂದಿದೆ. ಜನವರಿ ಒಂಬತ್ತಕ್ಕೆ ಹುಬ್ಬಳ್ಳಿಯಲ್ಲಿ ವಿಚಾರಣೆ. ನಿನಗೂ ಸಮನ್ಸು ಬರುತ್ತದೆ.

ಏನು ಹೇಳಬೇಕೆಂದು ನಾನು ಹೇಳುವುದಿಲ್ಲ. ನಿನ್ನ ಮುಂದಿನ ಕೋಣೆಯ ಬೆಲೆ ನನಗೆ ಗೊತ್ತಿಲ್ಲವೆಂದು ತಿಳಿಯಬೇಡ.

ಪ್ರಭಾ


ಸಪ್ತಾಪುರ
೧೧ ಜನವರಿ ೨೦೨೫

ಪ್ರಭಾ,

ವಿಚಾರಣೆಗೆ ನೀನು ಬರುತ್ತೀಯ ಎಂದುಕೊಂಡಿದ್ದೆ. ಮುತ್ತವ್ವ ಅತ್ತೆಯವರಿಗೆ ಜ್ವರ, ಆಸ್ಪತ್ರೆಯಲ್ಲಿದ್ದಾರೆ ಎಂದು ನಿನ್ನ ವಕೀಲರು ಹೇಳಿದರು. ನನ್ನ ಮುಖ ನೋಡಬೇಕಾಗುತ್ತದೆ ಅಂತ ತಪ್ಪಿಸಿಕೊಂಡೆಯೇನೋ ಎಂದು ಮೊದಲು ಅನಿಸಿತು. ಈಗ ನನಗೂ ಅದೇ ಚಟ ಹತ್ತಿದೆ ನೋಡು. ಅತ್ತೆಯವರು ಹೇಗಿದ್ದಾರೆ?

ಹಿಂದಿನ ದಿನ ಮನೆಯಲ್ಲಿ ಇವರದು ಇದೇ ಮಾತು. "ಸುಳ್ಳ ಹೇಳು ಅಂತ ನಾ ಅನ್ನಾಕತ್ತಿಲ್ಲ. ನೆನಪಿಲ್ಲ ಅನ್ನು. ಮನಷಾಗ ನೆನಪ ಇರಲಿಕ್ಕೇಬೇಕಂತ ಕಾಯ್ದೆ ಅದ ಏನು?" ಅಂದರು. ಬೆಳಿಗ್ಗೆ, ಜೊತೆಗೆ ಬರುತ್ತೀರಾ ಎಂದು ಕೇಳಿದೆ. ಮಂಡಿ ನೋವು ಅಂದರು. ಹುಬ್ಬಳ್ಳಿಯ ಚಿಗರಿ ಬಸ್ಸಿನಲ್ಲಿ ಒಬ್ಬಳೇ ಹೋದೆ. ನವಲೂರು ದಾಟುವವರೆಗೂ ನೆನಪಿಲ್ಲ ಅನ್ನುವುದೇ ಸರಿ ಎಂದು ನನ್ನ ಮನಸ್ಸಿನಲ್ಲಿತ್ತು. ನಿನ್ನಲ್ಲಿ ಮುಚ್ಚಿಡುವುದಿಲ್ಲ.

ಅಧಿಕಾರಿ ಹೆಂಗಸು, ಚಿಕ್ಕ ವಯಸ್ಸು. ಕಚೇರಿಯ ಆ ಮನುಷ್ಯ ಬಾಗಿಲ ಹತ್ತಿರ ನಿಂತು ನನಗೆ ನಮಸ್ಕಾರ ಮಾಡಿದ. ಆಕೆ ಪಂಚನಾಮೆಯನ್ನು ನನ್ನ ಕಡೆ ತಿರುಗಿಸಿದಳು.

"ಸಹಿ ನಿಮ್ಮದ ಹೌದಲ್ರಿ?"

"ಹೌದ್ರಿ, ನಂದು."

"ಹಂಗಾರ ಇದರಾಗ ಬರೆದದ್ದು ಖರೇ ಅಂತ ಆತಲ್ಲ?"

ನಾನು ಮೊದಲ ಸಲ ಆ ಕಾಗದವನ್ನು ಓದಿದೆ, ಆಕೆಯ ಎದುರಿಗೇ. ನಾನು ಸಹಿ ಹಾಕಿದಾಗ ಖಾಲಿ ಇದ್ದ ಜಾಗದಲ್ಲಿ ನೀಲಿ ಶಾಯಿಯಲ್ಲಿ ತುಂಬಿದ್ದರು. 'ಮನೆಗೆ ಬೀಗ ಹಾಕಿದೆ.' ನಿಮ್ಮ ಮನೆಗೆ ಬೀಗ! ಕೋಚಿಂಗಿನ ಹುಡುಗರು, ಬಾಡಿಗೆಯ ಹುಡುಗಿಯರು, ಮಾಶಾಬಿಯ ರೊಟ್ಟಿ ಸಪ್ಪಳ. ಆ ಮನೆಯ ಬಾಗಿಲು ಹಾಕಿದ್ದನ್ನು ನಾನು ಯಾವತ್ತು ನೋಡಿದ್ದೇನೆ? ಓದುತ್ತಿದ್ದಂತೆ ನನಗೆ ಭಯ ಹೋಗಿ ಸಿಟ್ಟು ಬಂತು. ನಿನ್ನ ಮೇಲೆ ಇದ್ದ ಸಿಟ್ಟಿನ ಜೊತೆಗೆ ಇನ್ನೊಂದು ಸಿಟ್ಟು.

"ಸಹಿ ನಂದರಿ. ಬರೆದದ್ದು ನಂದಲ್ಲ. ಆವಾಗ ಈ ಜಾಗಾ ಖಾಲಿ ಇತ್ತು" ಅಂದೆ.

"ಬೀಗ ಇತ್ತೋ ಇಲ್ಲೋ?"

"ಇದ್ದಿದ್ದಿಲ್ಲರಿ. ಬಾಗಿಲಾ ತಗದಿತ್ತು. ಒಳಗ ಮಂದಿ ಇದ್ರು. ನೋಟಿಸು ಅಂಟಿಸಿದ್ದು ನಾ ನೋಡಿಲ್ಲ, ಯಾಕಂದ್ರ ಅಂಟಿಸಲಿಲ್ಲ. ಅಂಟಿನ ಡಬ್ಬಿ ನಮ್ಮ ಕಟ್ಟಿ ಮ್ಯಾಲೆ ಇತ್ತು."

ಆಕೆ ಸ್ವಲ್ಪ ಹೊತ್ತು ಬರೆದುಕೊಂಡಳು. ಆಮೇಲೆ ತಲೆಯೆತ್ತಿ, "ಈ ಗೆರಿ ರದ್ದಾದ್ರ ನಿಮ್ಮ ಜಾಗಾಕ್ಕೂ ಬರಬಹುದು, ಗೊತ್ತೈತಿಲ್ರಿ?" ಎಂದು ಕೇಳಿದಳು.

"ಗೊತ್ತದರಿ" ಅಂದೆ.

ಈ ಸಲ ಪೂರ್ತಿ ಓದಿ ಸಹಿ ಮಾಡಿದೆ. ಹೊರಗೆ ಬಂದಾಗ ಕಚೇರಿಯವನು ನಮಸ್ಕಾರ ಮಾಡಲಿಲ್ಲ. ಮನೆಯಲ್ಲಿ ಎರಡು ದಿನದಿಂದ ಮಾತಿಲ್ಲ. ಊಟಕ್ಕೆ ಬಡಿಸುತ್ತೇನೆ, ಉಂಡು ಎದ್ದು ಹೋಗುತ್ತಾರೆ.

ನಿನಗಾಗಿ ಹೇಳಿದೆ ಎಂದು ತಿಳಿಯಬೇಡ. ನೀನು ನನ್ನ ಪತ್ರವನ್ನು ಕೊಟ್ಟದ್ದನ್ನು ನಾನು ಮರೆತಿಲ್ಲ.

ನಿರೂ


ಸಿಂಧನೂರು
೨೩ ಫೆಬ್ರುವರಿ ೨೦೨೫

ನಿರೂ,

ಅವ್ವ ಚೇತರಿಸಿಕೊಂಡಿದ್ದಾಳೆ. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. "ನಿರುಪಮಾ ಬಾಯಿ ಖರೇ ಹೇಳ್ಯಾರ" ಅಂದಳು. ನಾನು ನಿನಗೆ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಕಳೆದೆ.

ಆದೇಶ ಬಂದಿದೆ. ನೋಟಿಸು ತಲುಪಿಲ್ಲ, ಆಕ್ಷೇಪಣೆ ಕೇಳಿಲ್ಲ, ಆದ್ದರಿಂದ ನಮ್ಮ ಕಡೆಯ ಸ್ವಾಧೀನ ಊರ್ಜಿತವಲ್ಲ ಎಂದಿದ್ದಾರೆ. ಕಚೇರಿಯವರು ಹೊಸದಾಗಿ ಅಧಿಸೂಚನೆ ಹೊರಡಿಸಿದ್ದಾರೆ. ಈಗ ಗೆರೆ ರಸ್ತೆಯ ನಡುವಿನಿಂದ ಎರಡೂ ಕಡೆಗೆ ಸಮ. ನನ್ನ ಕಡೆ ವಾಚನಾಲಯದ ಅರ್ಧ, ನಿನ್ನ ಕಡೆ ಪಾಠದ ಕೋಣೆಯ ಅರ್ಧ ರಸ್ತೆಗೆ ಹೋಗುತ್ತದೆ. ನಿನಗೂ ನೋಟಿಸು ಬಂದಿರಬೇಕು. ಆಕ್ಷೇಪಣೆಗೆ ಅವಧಿ ಇದೆ.

ಗುರುಶಿದ್ದಪ್ಪನವರು ಅಲ್ಲಿಗೆ ನಿಲ್ಲಿಸಲು ಒಪ್ಪುತ್ತಿಲ್ಲ. ಅವರು ನಕ್ಷೆ ತರಿಸಿ ನೋಡಿದ್ದಾರೆ. ಮೇ ತಿಂಗಳ ಮೊದಲ ನಕ್ಷೆಯಲ್ಲೂ ಗೆರೆ ಸಮವಾಗಿಯೇ ಇತ್ತು. ಅಳತೆಯವರು ಓಣಿಗೆ ಬಂದು ಹೋದ ಮೇಲೆ ಕಾರಣವನ್ನೇ ಬರೆಯದೆ ಸರಿಸಿದ್ದಾರೆ. ಯಾರದೋ ಮಾತಿಗೆ ಸರಿಸಿದರು ಎಂದು ತೋರಿಸಿದರೆ, ದುರುದ್ದೇಶ ಎಂದು ಹಿಡಿದು ಇಡೀ ಯೋಜನೆಯನ್ನೇ ಬೀಳಿಸಬಹುದು, ಕೋಣೆ ಪೂರ್ತಿ ಉಳಿಯಬಹುದು ಅನ್ನುತ್ತಾರೆ. ಅದಕ್ಕೆ ಸಾಕ್ಷಿ ಬೇಕು.

ನಾನು ಇದನ್ನು ಕೇಳಬಾರದು. ಆದರೂ ಕೇಳುತ್ತಿದ್ದೇನೆ. ಮೇ ತಿಂಗಳಲ್ಲಿ ಅಳತೆಯವರು ಬಂದಾಗಲೂ ನಿಮ್ಮ ಮನೆಯವರು, ಕೇದಾರ ಅವರು, ಕುರ್ಚಿ ಹಾಕಿದ್ದರಂತೆ, ಮಾಶಾಬಿ ಹೇಳಿದಳು. ಅವರ ಜೊತೆ ಏನು ಮಾತಾಡಿದರು?

ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ನಂಬುತ್ತೇನೆ. ನಂಬಲು ಪ್ರಯತ್ನಿಸುತ್ತೇನೆ.

ಪ್ರಭಾ


ಸಪ್ತಾಪುರ
೯ ಮಾರ್ಚ್ ೨೦೨೫

ಪ್ರಭಾ,

ನೋಟಿಸು ಬಂತು. ಪಾಠದ ಕೋಣೆಯಲ್ಲಿ ಎಲ್ಲಿಯತನಕ ಹೋಗುತ್ತದೆ ಎಂದು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಹಾಕಿ ನೋಡಿದೆ. ಮಕ್ಕಳನ್ನು ಈ ಕಡೆ ಒತ್ತಿ ಕೂರಿಸಿದರೆ ಆರು ಜನ ಕೂರಬಹುದು.

ನೀನು ಕೇಳಿದ್ದನ್ನು ನಾನು ಅವರನ್ನು ಕೇಳದೆ ಹತ್ತು ದಿನ ಕಳೆದೆ. ಗೊತ್ತಿಲ್ಲ ಎಂದು ಬರೆದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಗೊತ್ತು ಮಾಡಿಕೊಳ್ಳದೆ ಇರುವುದು ಈ ಮನೆಯಲ್ಲಿ ನನಗೆ ರೂಢಿಯಾಗಿಬಿಟ್ಟಿದೆ ಎಂದು ಒಂದು ದಿನ ತಟ್ಟನೆ ಅನಿಸಿತು. ನಿನ್ನೆ ಮಧ್ಯಾಹ್ನ ಟಿವಿ ಆರಿಸಿ ಎದುರಿಗೆ ಕೂತು ಕೇಳಿದೆ. ಮೊದಲು ಸಿಟ್ಟಾದರು. ಆಮೇಲೆ ಹೇಳಿದರು.

"ನಾ ಯಾರಿಗೂ ಏನೂ ಕೊಟ್ಟಿಲ್ಲ, ಯಾರ ಕಾಲಿಗೂ ಬಿದ್ದಿಲ್ಲ. ಗೆರಿ ಎರಡೂ ಕಡೆ ಹಾಕಿದ್ರ ತಕರಾರು ಭಾಳ ಬರ್ತಾವ ಅಂತ ಅಳತಿಯವನ ಅಂದ. ನಾ ಒಂದ ಮಾತು ಅಂದೆ. ಆ ಕಡೆ ಮನಿಯವರು ಊರಾಗ ಇರೂದಿಲ್ಲ, ಕೇಳವರು ಯಾರೂ ಇಲ್ಲ ಅಂದೆ. ಅಷ್ಟ. ಅದು ಸುಳ್ಳ ಏನು?"

ಆಮೇಲೆ ಅವರೇ, "ನಿನ್ನ ಪಾಠದ ಖೋಲಿ ಉಳೀಲಿ ಅಂತ ಅಂದೆ" ಅಂದರು. ಅವರು ಮುದುಕರಾದಂತೆ ಕಂಡರು. ಕನಿಕರವೂ ಬಂತು, ಆ ಕನಿಕರದ ಮೇಲೆ ನಾಚಿಕೆಯೂ ಬಂತು.

ಹೀಗಿದೆ. ನನ್ನ ಪತ್ರ ಎಲ್ಲಿಗೆ ಹೋಗಬಹುದು ಎಂದು ಈಗ ನನಗೆ ಗೊತ್ತು. ಗೊತ್ತಿದ್ದೇ ಬರೆದಿದ್ದೇನೆ, ತಾರೀಖು ಹಾಕಿದ್ದೇನೆ. ನಿನ್ನ ವಕೀಲರಿಗೆ ಕೊಡುವುದಿದ್ದರೆ ಕೊಡು. ಈ ಸಲ ನನ್ನನ್ನು ಕೇಳುವುದು ಬೇಡ.

ನಿರುಪಮಾ ಕೇದಾರ ಕುಲಕರ್ಣಿ


ಸಿಂಧನೂರು
೨೪ ಮಾರ್ಚ್ ೨೦೨೫

ನಿರೂ,

ನಿನ್ನ ಪತ್ರ ತಲುಪಿದ ಮೂರನೆಯ ದಿನ ಹುಬ್ಬಳ್ಳಿಗೆ ಬಂದಿದ್ದೆ, ಅವ್ವನನ್ನೂ ಕರೆದುಕೊಂಡು. ನಿಮ್ಮ ಮನೆಗೆ ಬರಲಿಲ್ಲ. ಕೇದಾರ ಅವರ ಎದುರು ಕೂತು ಚಹಾ ಕುಡಿಯಲು ನನಗಿನ್ನೂ ಆಗುವುದಿಲ್ಲ. ಎಂದು ಆಗುತ್ತದೋ ಗೊತ್ತಿಲ್ಲ. ಅದನ್ನು ನೀನು ತಪ್ಪು ತಿಳಿಯಬೇಡ. ತಿಳಿದರೂ ಇರಲಿ.

ಕೇಳುವವರು ಯಾರೂ ಇಲ್ಲ ಎಂಬ ಆ ಮಾತನ್ನು ಅವ್ವನಿಗೆ ಹೇಳಿಲ್ಲ. ಜೀವನದಲ್ಲಿ ಮೊದಲ ಸಲ ಅವಳಿಂದ ಒಂದನ್ನು ಮುಚ್ಚಿಟ್ಟೆ.

ದೇಶಪಾಂಡೆ ನಗರದಲ್ಲಿ ವಕೀಲರು ಹೊಸ ಅರ್ಜಿಯ ಕರಡು ಸಿದ್ಧ ಮಾಡಿಕೊಂಡು ಕೂತಿದ್ದರು. ಗೆರೆ ಸರಿದದ್ದು ಯಾರ ಮಾತಿಗೆ ಎಂಬ ಕಡೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದರು. ಅದನ್ನು ತುಂಬಿದರೆ ಕೋಣೆ ಉಳಿಯುವ ಸಂಭವ ಇದೆ, ಇಲ್ಲದಿದ್ದರೆ ಅರ್ಧಕ್ಕೆ ಪರಿಹಾರ ಕೇಳಿ ಮುಗಿಸಬೇಕು ಎಂದು ಮತ್ತೊಮ್ಮೆ ಬಿಡಿಸಿ ಹೇಳಿದರು. ನಾನು ಬಹಳ ಹೊತ್ತು ಯೋಚಿಸಿದೆ ಎಂದು ನಿನಗೆ ಗೊತ್ತಿರಲಿ. ಸುಲಭವಾಗಿರಲಿಲ್ಲ.

ಕೊನೆಗೆ ಅವರು ಕನ್ನಡಕ ತೆಗೆದಿಟ್ಟು, "ಎದುರು ಮನಿಯವರಿಂದ ಇನ್ನೇನರ ಪತ್ರ ಬಂದೈತೇನ್ರಿ ಮೇಡಂ?" ಎಂದು ಕೇಳಿದರು.

"ಇಲ್ರಿ, ಬಂದಿಲ್ಲ" ಅಂದೆ.

ಪ್ರಭಾ